ಜೇಮ್ಸ್ ಪಾರ್ಕಿನ್ಸನ್

ಜೇಮ್ಸ್ ಪಾರ್ಕಿನ್ಸನ್ (ಏಪ್ರಿಲ್ 11, 1755 – ಡಿಸೆಂಬರ್ 21, 1824) ಇಂಗ್ಲೆಂಡಿನ ವೈದ್ಯರು, ಔಷಧಿ ತಜ್ಞರು, ಪಳೆಯುಳಿಕೆಗಳ ಅಧ್ಯಯನಕಾರರು ಮತ್ತು ರಾಜಕೀಯ ಸುಧಾರಣೆಯ ಪರವಾಗಿ ಬರೆದ ಲೇಖಕರು. ಕೈಕಾಲು ನಡುಗಿ, ಮೈ ಮುಂದಕ್ಕೆ ಬಾಗಿ, ಚಲನೆ ಕ್ರಮೇಣ ಕುಂದುವ ಒಂದು ಕಾಯಿಲೆಯನ್ನು ಅವರು 1817ರಲ್ಲಿ ಮೊದಲ ಬಾರಿಗೆ ಸ್ವತಂತ್ರ ರೋಗವೆಂದು ಗುರುತಿಸಿ ವಿವರಿಸಿದರು. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನ ಕಳೆದ ಮೇಲೆ ಅದಕ್ಕೆ ಪಾರ್ಕಿನ್ಸನ್ ಕಾಯಿಲೆ ಎಂಬ ಹೆಸರು ನೆಲೆಗೊಂಡಿತು. ಆಯುರ್ವೇದ ಪರಂಪರೆಯಲ್ಲಿ ಕಂಪವಾತವೆಂದು ಕರೆಯಲಾಗುವ ತೊಂದರೆಯ ಲಕ್ಷಣಗಳು ಇದರೊಂದಿಗೆ ಬಹುಮಟ್ಟಿಗೆ ಹೊಂದುತ್ತವೆ.

ಬಾಲ್ಯ ಮತ್ತು ವೃತ್ತಿಶಿಕ್ಷಣ

ಪಾರ್ಕಿನ್ಸನ್ ಅವರು ಲಂಡನ್ನಿನ ಶೋರ್‌ಡಿಚ್ ಪ್ರದೇಶದ ಹಾಕ್ಸ್‌ಟನ್ ಚೌಕದ 1ನೇ ಸಂಖ್ಯೆಯ ಮನೆಯಲ್ಲಿ ಜನಿಸಿದರು. ತಂದೆ ಜಾನ್ ಪಾರ್ಕಿನ್ಸನ್ ಅದೇ ಮನೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದ ವೈದ್ಯರ ಚಿಕಿತ್ಸೆ ಶ್ರೀಮಂತರಿಗೆ ಮಾತ್ರ ಎಟುಕುತ್ತಿತ್ತು. ಸಾಮಾನ್ಯ ಜನರು ಆಶ್ರಯಿಸುತ್ತಿದ್ದುದು ಔಷಧಿಯನ್ನೂ ಕೊಟ್ಟು, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದ ಅಪಾಥೆಕರಿಗಳನ್ನು. ಪಾರ್ಕಿನ್ಸನ್ ಮನೆತನ ಈ ವರ್ಗಕ್ಕೆ ಸೇರಿತ್ತು. ಜೇಮ್ಸ್ ತಂದೆಯ ಕೈಕೆಳಗೆ ಪಳಗಿ, 1776ರಲ್ಲಿ ಆರು ತಿಂಗಳ ಕಾಲ ಲಂಡನ್ ಆಸ್ಪತ್ರೆಯಲ್ಲಿ ಗಾಯಗಳಿಗೆ ಕಟ್ಟು ಕಟ್ಟುವ ಸಹಾಯಕರಾಗಿ ತರಬೇತಿ ಪಡೆದರು. 1777ರಲ್ಲಿ ನೇಣು ಹಾಕಿಕೊಂಡಿದ್ದ ವ್ಯಕ್ತಿಯೊಬ್ಬರನ್ನು ಬದುಕಿಸಿದ್ದಕ್ಕಾಗಿ ಹ್ಯೂಮೇನ್ ಸೊಸೈಟಿ ಅವರಿಗೆ ಬೆಳ್ಳಿಯ ಪದಕ ನೀಡಿತು. ತಂದೆಯ ಮರಣದ ವರ್ಷವಾದ 1784ರಲ್ಲಿ ಅವರಿಗೆ ಶಸ್ತ್ರವೈದ್ಯರಾಗಿ ಲಂಡನ್ ನಗರಾಡಳಿತದ ಅಂಗೀಕಾರ ದೊರೆಯಿತು. ಮನೆಯ ವೃತ್ತಿಯನ್ನೂ ಅವರೇ ಮುಂದುವರಿಸಿದರು.

1785ರಲ್ಲಿ ಅವರು ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಅವರ ಉಪನ್ಯಾಸಗಳನ್ನು ಕೇಳಿ ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಪಾರ್ಕಿನ್ಸನ್ ಶೀಘ್ರಲಿಪಿಯಲ್ಲಿ ನಿಪುಣರಾಗಿದ್ದರು. ವೈದ್ಯ ವಿದ್ಯಾರ್ಥಿಗಳೆಲ್ಲ ಅದನ್ನು ಕಲಿಯಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಈ ಟಿಪ್ಪಣಿಗಳನ್ನು ಅವರ ಮಗ 1833ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪತ್ನಿ ಮೇರಿ ಡೇಲ್ ಕೂಡ ಹಾಕ್ಸ್‌ಟನ್ನಿನವರೇ. ಮಗ ಜಾನ್ ತಂದೆಯ ವೃತ್ತಿಯಲ್ಲೇ ಮುಂದುವರಿದರು.

ರಾಜಕೀಯ ಬರಹಗಳು ಮತ್ತು ಪ್ರಿವಿ ಕೌನ್ಸಿಲ್ ವಿಚಾರಣೆ

ಫ್ರಾನ್ಸಿನ ಮಹಾಕ್ರಾಂತಿಯ ಅನಂತರ ಇಂಗ್ಲೆಂಡಿನಲ್ಲೂ ಎಲ್ಲರಿಗೂ ಮತದಾನದ ಹಕ್ಕು ಬೇಕೆಂಬ ಕೂಗು ಎದ್ದಿತು. ಪಾರ್ಕಿನ್ಸನ್ ಅವರು ಕುಶಲಕರ್ಮಿಗಳೂ ಅಂಗಡಿಕಾರರೂ ಸೇರಿ ಕಟ್ಟಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯ ಸದಸ್ಯರಾದರು. ಓಲ್ಡ್ ಹ್ಯೂಬರ್ಟ್, ಅಂದರೆ ಮುದುಕ ಹ್ಯೂಬರ್ಟ್, ಎಂಬ ಗುಪ್ತನಾಮದಲ್ಲಿ ಹಲವಾರು ಕಿರುಹೊತ್ತಗೆಗಳನ್ನು ಬರೆದರು. ಬಡವರ ಮೇಲಿನ ತೆರಿಗೆಯ ಹೊರೆ, ಪಾರ್ಲಿಮೆಂಟಿನಲ್ಲಿ ಜನರಿಗೆ ಪ್ರಾತಿನಿಧ್ಯವಿಲ್ಲದಿರುವುದು, ವಿಚಾರಣೆಯಿಲ್ಲದೆ ಸೆರೆಯಲ್ಲಿಡುವುದು ಇವುಗಳ ವಸ್ತು. 1794ರ ಹೊತ್ತಗೆಯೊಂದರಲ್ಲಿ ರಕ್ತಪಾತವಿಲ್ಲದೆ ಸುಧಾರಣೆ ತರುವ ದಾರಿಗಳನ್ನು ಅವರು ವಿವರಿಸಿದರು. ವೈದ್ಯವೃತ್ತಿಯನ್ನೇ ನಂಬಿ ಸಂಸಾರ ನಡೆಸುತ್ತಿದ್ದವರಿಗೆ ಇದು ಸಣ್ಣ ಅಪಾಯವಾಗಿರಲಿಲ್ಲ. ಇಂತಹ ಬರಹಗಳಿಗಾಗಿ ಲೇಖಕರೂ ಮುದ್ರಕರೂ ಜೈಲಿಗೆ ಹೋಗುತ್ತಿದ್ದ ವರ್ಷಗಳವು.

ಅದೇ 1794ರಲ್ಲಿ ಸೊಸೈಟಿಯ ಕೆಲವು ಸದಸ್ಯರನ್ನು ಬಂಧಿಸಲಾಯಿತು. ಗಾಳಿಕೋವಿಯಿಂದ ವಿಷದ ಬಾಣ ಹಾರಿಸಿ ದೊರೆ ಮೂರನೆಯ ಜಾರ್ಜ್‌ನನ್ನು ಕೊಲ್ಲಲು ಸಂಚು ಹೂಡಿದ್ದರೆಂಬುದು ಅವರ ಮೇಲಿನ ಆರೋಪ. ಇತಿಹಾಸದಲ್ಲಿ ಪಾಪ್‌ಗನ್ ಸಂಚು ಎಂದು ಹೆಸರಾದ ಪ್ರಕರಣವಿದು. ಬಂಧಿತರ ಪರವಾಗಿ ಹೇಳಿಕೆ ನೀಡಲು ಪಾರ್ಕಿನ್ಸನ್ ಮುಂದೆ ಬಂದರು. ಪ್ರಧಾನಿ ವಿಲಿಯಂ ಪಿಟ್ ಉಪಸ್ಥಿತರಿದ್ದ ಪ್ರಿವಿ ಕೌನ್ಸಿಲ್ ಅವರನ್ನು ಅಕ್ಟೋಬರ್‌ನಲ್ಲಿ ಪ್ರಮಾಣಪೂರ್ವಕವಾಗಿ ವಿಚಾರಿಸಿತು. ತಮ್ಮ ಉತ್ತರಗಳಿಂದ ತಾವೇ ಅಪರಾಧಿಯಾಗುವಂತೆ ಒತ್ತಾಯಿಸುವುದಿಲ್ಲವೆಂದು ಖಾತ್ರಿಯಾಗುವವರೆಗೆ ಅವರು ತಮ್ಮ ಪಾತ್ರದ ಬಗ್ಗೆ ಹೇಳಲು ಒಪ್ಪಲಿಲ್ಲ. ಬಳಿಕ, ಆ ಹೊತ್ತಗೆಗಳನ್ನು ಬರೆದವನು ತಾನೇ ಎಂದು ಒಪ್ಪಿಕೊಂಡರು. ಸಂಚಿನ ಆರೋಪ ಕೊನೆಗೆ ನಿಲ್ಲಲಿಲ್ಲ, ಬಂಧಿತರು ಬಿಡುಗಡೆಯಾದರು. ಪಾರ್ಕಿನ್ಸನ್ ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಸಭೆ ಮತ್ತು ಬರಹಗಳ ಮೇಲೆ ಸರ್ಕಾರ ಬಿಗಿ ಕಾನೂನುಗಳನ್ನು ತಂದ ಮೇಲೆ ಅವರ ರಾಜಕೀಯ ಲೇಖನ ನಿಂತಿತು. ಬಡವರ ಬಗೆಗಿನ ಕಾಳಜಿ ವೈದ್ಯಕೀಯ ಬರಹಗಳಿಗೆ ಹರಿಯಿತು.

ಜನಸಾಮಾನ್ಯರಿಗಾಗಿ ವೈದ್ಯಕೀಯ ಬರಹ

1799ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವರು ಮನೆಮಂದಿಗೆ ಅರ್ಥವಾಗುವಂತಹ ಹಲವು ಪುಸ್ತಕಗಳನ್ನು ಬರೆದರು. ಹಳ್ಳಿಯವರಿಗಾಗಿ ಬರೆದ ಪುಸ್ತಕದಲ್ಲಿ ಯಾವ ತೊಂದರೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಯಾವುದಕ್ಕೆ ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದನ್ನು ವಿಂಗಡಿಸಿದರು. ಅಪಾಯಕಾರಿ ಆಟಗಳ ಕುರಿತ ಮಕ್ಕಳ ಪುಸ್ತಕವೂ ಇದೇ ಕಾಲದ್ದು. ಮಕ್ಕಳ ತಲೆಗೆ ಹೊಡೆಯುವುದರಿಂದ ಆಗುವ ಹಾನಿಯ ಬಗ್ಗೆ ತಂದೆತಾಯಿಯರಿಗೆ ಎಚ್ಚರಿಕೆ ನೀಡಿದ ಆರಂಭದ ವೈದ್ಯರಲ್ಲಿ ಅವರೂ ಒಬ್ಬರು. ಗೌಟ್ ಎಂಬ ಕೀಲುನೋವಿನ ಕಾಯಿಲೆ ಅವರನ್ನೇ ಕಾಡುತ್ತಿತ್ತು. ಅದರ ಬಗ್ಗೆ 1805ರಲ್ಲಿ ಪುಸ್ತಕ ಪ್ರಕಟಿಸಿದರು. 1812ರಲ್ಲಿ ಮಗ ಜಾನ್ ಕಂಡ ಐದು ವರ್ಷದ ಬಾಲಕನ ಪ್ರಕರಣವನ್ನು ತಂದೆ–ಮಗ ವರದಿ ಮಾಡಿದರು. ಅಪೆಂಡಿಕ್ಸ್ ತೂತಾಗಿ ಸಾವು ಸಂಭವಿಸಿತೆಂದು ಗುರುತಿಸಿದ ಮೊದಲ ಇಂಗ್ಲಿಷ್ ವರದಿಯೆಂದು ಅದನ್ನು ಪರಿಗಣಿಸಲಾಗಿದೆ.

ಪ್ಯಾರಿಷ್‌ನ ಬಡವರ ವೈದ್ಯರಾಗಿ ಅವರು ಸಾಂಕ್ರಾಮಿಕ ಜ್ವರದ ರೋಗಿಗಳನ್ನು ಪ್ರತ್ಯೇಕ ವಾರ್ಡುಗಳಲ್ಲಿರಿಸಬೇಕೆಂದು ಒತ್ತಾಯಿಸಿದರು. ಗಿರಣಿಗಳಿಗೆ ಕಳುಹಿಸಲಾಗುತ್ತಿದ್ದ ಅನಾಥ ಮಕ್ಕಳ ಸ್ಥಿತಿಗತಿಯ ಬಗ್ಗೆಯೂ ಆಸಕ್ತಿ ವಹಿಸಿದರು.

ಅವರ ವೃತ್ತಿಜೀವನದಲ್ಲಿ ಕಹಿ ಪ್ರಸಂಗವೂ ಇದೆ. ಹಾಕ್ಸ್‌ಟನ್ನಿನಲ್ಲಿ ಖಾಸಗಿ ಹುಚ್ಚಾಸ್ಪತ್ರೆಗಳು ಹೆಚ್ಚಾಗಿದ್ದವು. ಮಹಿಳೆಯೊಬ್ಬರನ್ನು ಅಂತಹ ಆಸ್ಪತ್ರೆಗೆ ಸೇರಿಸಲು ಅವರು ನೀಡಿದ ಪ್ರಮಾಣಪತ್ರ ಸಂಬಂಧಿಕರ ಮಾತನ್ನು ಅತಿಯಾಗಿ ಅವಲಂಬಿಸಿತ್ತೆಂದು 1810ರಲ್ಲಿ ನ್ಯಾಯಾಲಯದಲ್ಲಿ ಟೀಕೆ ಕೇಳಿಬಂದಿತು. ಮರುವರ್ಷ ಪ್ರಕಟಿಸಿದ ಪುಸ್ತಿಕೆಯಲ್ಲಿ ತಮ್ಮನ್ನು ಸಮರ್ಥಿಸಿಕೊಂಡರಾದರೂ, ಆ ಆಸ್ಪತ್ರೆಗಳ ಕಾನೂನಿಗೆ ತಿದ್ದುಪಡಿಗಳನ್ನೂ ಸೂಚಿಸಿದರು. ಅವರ ಜೀವನಕಥೆ ಹೇಳುವವರು ಈ ಭಾಗವನ್ನು ಹಾರಿಸಿಬಿಡುವುದು ಸರಿಯಲ್ಲ.

ಪಳೆಯುಳಿಕೆಗಳು

ಜೀವಿತಕಾಲದಲ್ಲಿ ಪಾರ್ಕಿನ್ಸನ್ ಹೆಸರು ಮಾಡಿದ್ದು ರೋಗವಿವರಣೆಯಿಂದಲ್ಲ, ಪಳೆಯುಳಿಕೆಗಳಿಂದ. ಗತಲೋಕದ ಜೀವಾವಶೇಷಗಳ ಕುರಿತ ಅವರ ಮೂರು ಸಂಪುಟಗಳು 1804, 1808 ಮತ್ತು 1811ರಲ್ಲಿ ಚಿತ್ರಗಳೊಂದಿಗೆ ಹೊರಬಂದವು. 1807ರ ನವೆಂಬರ್ 13ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಸೇರಿ ಭೂವಿಜ್ಞಾನ ಸಂಘವನ್ನು ಸ್ಥಾಪಿಸಿದ 13 ಮಂದಿಯಲ್ಲಿ ಅವರೂ ಇದ್ದರು. ರಸಾಯನವಿಜ್ಞಾನಿ ಹಂಫ್ರಿ ಡೇವಿ ಇನ್ನೊಬ್ಬರು. ಮೆಗಲೋಸಾರಸ್ ಎಂಬ ಹೆಸರು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1822ರ ಅವರ ಪುಸ್ತಕದಲ್ಲಿ. ವಿಲಿಯಂ ಬಕ್‌ಲ್ಯಾಂಡ್ ಆ ಪ್ರಾಣಿಯನ್ನು ವಿಧಿವತ್ತಾಗಿ ವರ್ಣಿಸಿದ್ದು 1824ರಲ್ಲಿ. 1822ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪಾರ್ಕಿನ್ಸನ್ ಅವರಿಗೆ ಚಿನ್ನದ ಪದಕ ನೀಡಿ ಗೌರವಿಸಿತು.

ನಡುಗುವ ಲಕ್ವದ ಕುರಿತ ಪ್ರಬಂಧ

1817ರಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ಅವರು ಆ್ಯನ್ ಎಸ್ಸೇ ಆನ್ ದಿ ಶೇಕಿಂಗ್ ಪಾಲ್ಸಿ ಎಂಬ 66 ಪುಟಗಳ ಪುಸ್ತಿಕೆಯನ್ನು ಪ್ರಕಟಿಸಿದರು. ನಡುಗುವ ಲಕ್ವದ ಕುರಿತು ಪ್ರಬಂಧ ಎಂಬುದು ಶೀರ್ಷಿಕೆಯ ಅರ್ಥ. ಇದು ಕೇವಲ ಆರು ಮಂದಿಯನ್ನು ಆಧರಿಸಿತ್ತು. ಅವರೆಲ್ಲರೂ ಪಾರ್ಕಿನ್ಸನ್ ಅವರ ರೋಗಿಗಳಾಗಿರಲಿಲ್ಲ. ಇಬ್ಬರು ಬೀದಿಯಲ್ಲಿ ಎದುರಾದವರು. ಅವರನ್ನು ನಿಲ್ಲಿಸಿ ಮಾತನಾಡಿಸಿ ವಿವರ ತಿಳಿದುಕೊಂಡರು. ಒಬ್ಬರನ್ನಂತೂ ದೂರದಿಂದ ಕಂಡದ್ದಷ್ಟೇ. ಅವರಲ್ಲಿ ತೋಟದ ಮಾಲಿ ಇದ್ದರು, ಹಿಂದೆ ನಾವಿಕರಾಗಿದ್ದವರೂ ಇದ್ದರು.

ನಡುಕ, ಬಾಗಿದ ಮೈ, ಓಡುನಡಿಗೆ ಇವುಗಳನ್ನು ಪ್ರಾಚೀನ ಕಾಲದಿಂದ ಬೇರೆ ಬೇರೆ ವೈದ್ಯರು ಬಿಡಿಬಿಡಿಯಾಗಿ ದಾಖಲಿಸಿದ್ದರು. ಇವೆಲ್ಲ ಒಂದೇ ರೋಗದ ಹಂತಗಳೆಂದೂ, ಅದು ವರ್ಷಗಟ್ಟಲೆ ನಿಧಾನವಾಗಿ ಮುಂದುವರಿಯುವುದೆಂದೂ ಪಾರ್ಕಿನ್ಸನ್ ಕಂಡರು. ಅವರ ವಿವರಣೆಯ ಪ್ರಕಾರ ರೋಗ ಎಷ್ಟು ಮೆಲ್ಲನೆ ಆರಂಭವಾಗುತ್ತದೆಂದರೆ ಮೊದಲ ದಿನ ಯಾವುದೆಂದು ರೋಗಿಗೇ ಹೇಳಲಾಗುವುದಿಲ್ಲ. ಸಾಮಾನ್ಯವಾಗಿ ಒಂದು ಕೈಯಲ್ಲಿ ನಡುಕ ಕಾಣಿಸಿಕೊಂಡು, ತಿಂಗಳುಗಳ ಅನಂತರ ಉಳಿದ ಅಂಗಗಳಿಗೆ ಹಬ್ಬುತ್ತದೆ. ಕೈ ಸುಮ್ಮನೆ ಆಸರೆಯಲ್ಲಿರುವಾಗಲೇ ನಡುಗುತ್ತದೆ; ಕೆಲಸಕ್ಕೆ ತೊಡಗಿದರೆ ತುಸು ಹೊತ್ತು ನಿಲ್ಲುತ್ತದೆ. ಬರವಣಿಗೆ ಕೆಡುತ್ತದೆ, ತುತ್ತು ಬಾಯಿಗೆ ತಲುಪುವುದು ಕಷ್ಟವಾಗುತ್ತದೆ. ನಡೆಯುವಾಗ ಮೈ ಮುಂದಕ್ಕೆ ವಾಲಿ, ಬೀಳದಿರಲು ಹೆಜ್ಜೆಗಳು ತಾವಾಗಿಯೇ ಓಟವಾಗುತ್ತವೆ. ಮಲಬದ್ಧತೆ, ನಿದ್ರಾಭಂಗ, ಜೊಲ್ಲು ಸುರಿಯುವುದು, ಮಾತು ಅಸ್ಪಷ್ಟವಾಗುವುದು ಇವನ್ನೂ ಅವರು ಗಮನಿಸಿದರು.

ಆರನೆಯ ವ್ಯಕ್ತಿ 72 ವರ್ಷದವರು. ಅವರಿಗೆ ಪಾರ್ಶ್ವವಾಯು ಬಡಿದಾಗ ಆ ಭಾಗದ ನಡುಕ ಪೂರ್ಣವಾಗಿ ನಿಂತು, ಸುಮಾರು ಎರಡು ವಾರಗಳಲ್ಲಿ ಶಕ್ತಿ ಮರಳಿದಾಗ ನಡುಕವೂ ಮರಳಿತು. ಮಿದುಳಿನ ಚಲನಮಾರ್ಗಗಳಿಗೂ ನಡುಕಕ್ಕೂ ಇರುವ ಸಂಬಂಧವನ್ನು ಸೂಚಿಸುವ ಈ ವಿವರ ಇಪ್ಪತ್ತನೆಯ ಶತಮಾನದ ಶಸ್ತ್ರವೈದ್ಯರಿಗೂ ಮಹತ್ವದ್ದಾಗಿ ಕಂಡಿತು.

ಪ್ರಬಂಧದಲ್ಲಿ ಕೊರತೆಗಳಿವೆ. ರೋಗಿಗಳನ್ನು ಮುಟ್ಟಿ ಪರೀಕ್ಷಿಸುವ ಅವಕಾಶ ಕಡಿಮೆಯಿದ್ದುದರಿಂದ ಸ್ನಾಯುಗಳ ಬಿಗಿತ ಅವರ ವಿವರಣೆಯಲ್ಲಿಲ್ಲ. ಇಂದ್ರಿಯಗಳೂ ಬುದ್ಧಿಯೂ ಕೆಡುವುದಿಲ್ಲವೆಂದು ಅವರು ತಿಳಿದಿದ್ದರು. ಇಂದು ಆ ಮಾತು ಪೂರ್ತಿ ನಿಲ್ಲುವುದಿಲ್ಲ. ರೋಗದ ಮೂಲ ಕುತ್ತಿಗೆಯ ಭಾಗದ ಬೆನ್ನುಹುರಿಯಲ್ಲಿರಬಹುದೆಂದು ಊಹಿಸಿ, ಕುತ್ತಿಗೆಯ ಬಳಿ ರಕ್ತ ತೆಗೆಯುವುದು ಮತ್ತು ಚರ್ಮದ ಮೇಲೆ ಬೊಕ್ಕೆ ಎಬ್ಬಿಸುವುದನ್ನು ಚಿಕಿತ್ಸೆಯಾಗಿ ಸೂಚಿಸಿದರು. ಆದರೆ ಒಂದು ಶವಪರೀಕ್ಷೆಯನ್ನೂ ಮಾಡದೆ ಬರೆಯುತ್ತಿರುವುದಾಗಿ ಆರಂಭದಲ್ಲೇ ತಿಳಿಸಿ, ಅಂಗರಚನಾ ತಜ್ಞರು ಈ ಕಡೆ ಗಮನ ಹರಿಸಬೇಕೆಂದು ಕೋರಿದ್ದರು. ತಮ್ಮದು ಊಹೆಯೆಂದು ಸ್ಪಷ್ಟವಾಗಿ ಹೇಳಿಕೊಂಡ ಕಾರಣ, ಆ ಊಹೆ ಸುಳ್ಳಾದರೂ ಅವಲೋಕನ ಉಳಿಯಿತು.

ಹೆಸರು ಉಳಿದ ಬಗೆ

ಪುಸ್ತಿಕೆಯ ಪ್ರತಿಗಳು ಬೇಗನೆ ದುರ್ಲಭವಾದವು. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ನರರೋಗ ತಜ್ಞ ಜಾನ್ ಮಾರ್ಟಿನ್ ಶಾರ್ಕೋ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಪ್ರಯಾಸದಿಂದ ಪಡೆದು ಓದಿದರು. ಈ ರೋಗಿಗಳಲ್ಲಿ ನಿಜವಾದ ಲಕ್ವವಿಲ್ಲ, ಕೆಲವರಲ್ಲಿ ನಡುಕವೂ ಇಲ್ಲ; ಆದ್ದರಿಂದ ಹಳೆಯ ಹೆಸರು ಸಲ್ಲದೆಂದು ವಾದಿಸಿ ಪಾರ್ಕಿನ್ಸನ್ ಹೆಸರನ್ನು ಬಳಕೆಗೆ ತಂದರು. ಬಿಗಿತ ಮತ್ತು ಚಲನಮಾಂದ್ಯವನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದವರೂ ಅವರೇ.

1912ರಲ್ಲಿ ಫ್ರೆಡ್ರಿಕ್ ಲೆವಿ ರೋಗಿಗಳ ಮಿದುಳಿನ ನರಕೋಶಗಳಲ್ಲಿ ವಿಶಿಷ್ಟ ಗಂಟುಗಳನ್ನು ಕಂಡರು. ಮಿದುಳುಕಾಂಡದ ಮೇಲ್ಭಾಗದಲ್ಲಿರುವ ಕಪ್ಪು ಬಣ್ಣದ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗ ಈ ರೋಗದಲ್ಲಿ ನಶಿಸುವುದೆಂದು 1919ರಲ್ಲಿ ಕಾನ್‌ಸ್ಟಾಂಟಿನ್ ಟ್ರೆಟಿಯಾಕಾಫ್ ತೋರಿಸಿದರು. ಆ ಭಾಗದ ಕೋಶಗಳು ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಚಲನೆಯನ್ನು ನಿಯಂತ್ರಿಸುವ ಕೇಂದ್ರಗಳಿಗೆ ಸಂದೇಶ ಕಳುಹಿಸುತ್ತವೆ. ಅವು ಸಾಯುತ್ತಾ ಹೋದಂತೆ ಡೋಪಮೈನ್ ಕಡಿಮೆಯಾಗುತ್ತದೆ. ನಡೆಯುವಾಗ ಕೈ ಬೀಸುವುದು, ಕಣ್ಣು ಮಿಟುಕಿಸುವುದು, ಮುಖದಲ್ಲಿ ಭಾವ ಮೂಡುವುದು ಮುಂತಾದ, ನಾವು ಯೋಚಿಸದೆ ಮಾಡುವ ಕ್ರಿಯೆಗಳು ಮೊದಲು ಕುಗ್ಗುತ್ತವೆ. ಅಕ್ಷರಗಳು ಸಣ್ಣದಾಗುತ್ತವೆ, ದನಿ ಮೆದುವಾಗುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಝಾಡಿಸುವುದು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಖಿನ್ನತೆ, ನಿಂತಾಗ ರಕ್ತದೊತ್ತಡ ಇಳಿಯುವುದು, ಕಾಲಾನಂತರದಲ್ಲಿ ಮರೆವು ಇವೂ ರೋಗದ ಭಾಗಗಳೇ. ಲೆವಿ ಕಂಡ ಗಂಟುಗಳ ಮುಖ್ಯ ಅಂಶ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನೆಂದು 1997ರಲ್ಲಿ ತಿಳಿದುಬಂತು.

ಭಾರತ ಮತ್ತು ಕರ್ನಾಟಕದ ಸಂಬಂಧ

ಪಾರ್ಕಿನ್ಸನ್ ಅವರು ಬಿಟ್ಟುಹೋದ ಪ್ರಶ್ನೆಗೆ ಉತ್ತರ ದೊರೆತ ಹಾದಿಯಲ್ಲಿ ನಮ್ಮ ನಾಡಿನಲ್ಲೂ ಬೆಳೆಯುವ ಎರಡು ಸಸ್ಯಗಳಿವೆ. ಒಂದು ಸರ್ಪಗಂಧಿ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡದ ಔಷಧಿಯಾಗಿ ಬಳಕೆಗೆ ಬಂದಾಗ, ಕೆಲವು ರೋಗಿಗಳಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಕಾಣಿಸಿಕೊಂಡವು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ರಿಸರ್ಪಿನ್‌ನಿಂದ ನಿಶ್ಚಲವಾದ ಮೊಲಗಳಿಗೆ ಲೆವೊಡೋಪಾ ಕೊಟ್ಟಾಗ ಅವು ಮತ್ತೆ ಓಡಾಡಿದವು. ಡೋಪಮೈನ್ ಕೊರತೆಯ ಸುಳಿವು ಸಿಕ್ಕಿದ್ದು ಹೀಗೆ. ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ. ಅದರ ಬೀಜದಲ್ಲಿ ಲೆವೊಡೋಪಾ ಇರುವುದನ್ನು ಭಾರತೀಯ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ವರದಿ ಮಾಡಿದ್ದರು. ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ವ್ಯತ್ಯಾಸವಾಗುವುದರಿಂದ, ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ನಸುಗುನ್ನಿ ಪುಡಿಯನ್ನು ಸ್ವಂತವಾಗಿ ಸೇವಿಸುವುದು ಅಪಾಯಕರ.

1960ರ ದಶಕದಲ್ಲಿ ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯಲ್ಲಿ, ಶಸ್ತ್ರವೈದ್ಯ ಡಾ. ಆರ್. ಎಂ. ವರ್ಮಾ ಅವರು ಕಡಿಮೆ ವೆಚ್ಚದ ಶಸ್ತ್ರಚಿಕಿತ್ಸೆಯೊಂದನ್ನು ರೂಪಿಸಿದರು. ತಲೆಬುರುಡೆ ಕೊರೆಯದೆ, ಅದರ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ಹಾಯಿಸಿ ಮಿದುಳಿನ ಆಳದ ಭಾಗವನ್ನು ತಲುಪುವ ವಿಧಾನವದು. ದುಬಾರಿ ಸಲಕರಣೆಗಳಿಲ್ಲದ ದೇಶದಲ್ಲಿ ಇದಕ್ಕೆ ವಿಶೇಷ ಅರ್ಥವಿತ್ತು. ಲೆವೊಡೋಪಾ ಬಂದ ಮೇಲೆ ಇಂತಹ ಶಸ್ತ್ರಚಿಕಿತ್ಸೆಗಳು ಹಿಂದೆ ಸರಿದವು. 1987ರಿಂದೀಚೆಗೆ ಮಿದುಳಿನಾಳಕ್ಕೆ ವಿದ್ಯುತ್ ಸ್ಪಂದನ ನೀಡುವ ಚಿಕಿತ್ಸೆಯ ರೂಪದಲ್ಲಿ ಮತ್ತೆ ಬಂದವು. ರೋಗವನ್ನು ಬೇರುಸಹಿತ ಕೀಳುವ ಚಿಕಿತ್ಸೆ ಇನ್ನೂ ಇಲ್ಲ.

ಮಹಾನಗರಗಳಿಂದ ದೂರವಿರುವ ವಿಜಯಪುರದಂತಹ ಜಿಲ್ಲೆಗಳಲ್ಲಿ ಈ ಕಾಯಿಲೆಯನ್ನು ಮುಪ್ಪಿನ ನಡುಕವೆಂದು ತಳ್ಳಿಹಾಕುವುದು ಸುಲಭ. ತಿಕೋಟಾ, ಬಬಲೇಶ್ವರದ ಸಂತೆಯಲ್ಲಿ ಒಂದು ಕೈ ಬೀಸದೆ, ಕಾಲೆಳೆದುಕೊಂಡು ಸಣ್ಣ ಹೆಜ್ಜೆಯಲ್ಲಿ ನಡೆಯುವ ಹಿರಿಯರನ್ನು ಕಂಡರೆ, ಪಾರ್ಕಿನ್ಸನ್ ಲಂಡನ್ನಿನ ಬೀದಿಯಲ್ಲಿ ಮಾಡಿದ ಅವಲೋಕನವನ್ನು ಯಾರು ಬೇಕಾದರೂ ಮಾಡಬಹುದು. ಈ ಭಾಗ ದ್ರಾಕ್ಷಿ ಬೆಳೆಗೆ ಹೆಸರಾಗಿದ್ದು, ದ್ರಾಕ್ಷಿಗೆ ಮೇಲಿಂದ ಮೇಲೆ ಔಷಧಿ ಸಿಂಪಡಿಸಬೇಕಾಗುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮತ್ತು ರೋಟೆನೋನ್ ಎಂಬ ಕೀಟನಾಶಕದ ಸಂಪರ್ಕಕ್ಕೂ ಪಾರ್ಕಿನ್ಸನ್ ಕಾಯಿಲೆಗೂ ನಂಟಿದೆಯೆಂದು ಹೊರದೇಶಗಳ ಅಧ್ಯಯನಗಳು ತೋರಿಸಿವೆ. ಸಿಂಪಡಿಸುವ ಎಲ್ಲರಿಗೂ ರೋಗ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಕೈಗವಸು, ಮುಖಗವಸು ಧರಿಸಿ ಗಾಳಿಯ ದಿಕ್ಕು ನೋಡಿ ಸಿಂಪಡಿಸಲು ಅಷ್ಟು ಕಾರಣ ಸಾಕು. ಚಿಕಿತ್ಸೆ ಪಡೆಯುತ್ತಿರುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಬೇಳೆ, ಹಾಲು, ಮೊಟ್ಟೆ ಮೊದಲಾದ ಪ್ರೋಟೀನು ಹೆಚ್ಚಿರುವ ಊಟದೊಂದಿಗೆ ಲೆವೊಡೋಪಾ ಮಾತ್ರೆ ನುಂಗಿದರೆ ಕೆಲವರಲ್ಲಿ ಅದು ಸರಿಯಾಗಿ ಮೈಗೂಡುವುದಿಲ್ಲ. ಊಟಕ್ಕೂ ಮಾತ್ರೆಗೂ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ನಡಿಗೆ ಮತ್ತು ನಿಯಮಿತ ವ್ಯಾಯಾಮ ಚಲನೆಯನ್ನು ಕಾಪಾಡಿಕೊಳ್ಳಲು ನೆರವಾಗುತ್ತವೆ.

ಕೊನೆಯ ದಿನಗಳು ಮತ್ತು ಸ್ಮರಣೆ

1824ರ ಡಿಸೆಂಬರಿನಲ್ಲಿ ಪಾರ್ಕಿನ್ಸನ್ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. 21ರಂದು ಅವರು ತೀರಿಕೊಂಡರು. ತಮಗೆ ದೀಕ್ಷಾಸ್ನಾನವೂ ವಿವಾಹವೂ ನಡೆದಿದ್ದ ಶೋರ್‌ಡಿಚ್‌ನ ಸೇಂಟ್ ಲಿಯೋನಾರ್ಡ್ ಚರ್ಚಿನ ಅಂಗಳದಲ್ಲೇ ಅವರನ್ನು ಸಮಾಧಿ ಮಾಡಲಾಯಿತು. ಸಮಾಧಿಯ ನಿಖರ ಸ್ಥಳ ಉಳಿದಿಲ್ಲ. ಪಳೆಯುಳಿಕೆಗಳ ಸಂಗ್ರಹ ಮಾರಾಟವಾಗಿ ಚದುರಿಹೋಯಿತು. ಅವರ ಜನ್ಮದಿನವಾದ ಏಪ್ರಿಲ್ 11ನ್ನು ವಿಶ್ವ ಪಾರ್ಕಿನ್ಸನ್ ದಿನವಾಗಿ ಆಚರಿಸಲಾಗುತ್ತದೆ.

ಅವರ ಅಧಿಕೃತ ಭಾವಚಿತ್ರ ಯಾವುದೂ ಇಲ್ಲ. ಅಂತರಜಾಲದಲ್ಲಿ ಅವರದೆಂದು ಹರಿದಾಡುವ ಗಡ್ಡದ ವ್ಯಕ್ತಿಯ ಛಾಯಾಚಿತ್ರಗಳು ಅದೇ ಹೆಸರಿನ ಬೇರೆಯವರವು. ಅವರು ತೀರಿಕೊಂಡಾಗ ಮನುಷ್ಯರ ಛಾಯಾಚಿತ್ರ ತೆಗೆಯುವ ತಂತ್ರವೇ ಇರಲಿಲ್ಲ. ಪಾರ್ಕಿನ್ಸೋನಿಯಾ ಎಂಬ ಆಮನೈಟ್ ಪಳೆಯುಳಿಕೆಯ ಹೆಸರು ಇವರನ್ನೇ ಸ್ಮರಿಸುತ್ತದೆ. ಆದರೆ ಬಯಲುಸೀಮೆಯ ಒಣನೆಲದಲ್ಲಿ ಹಳದಿ ಹೂ ಬಿಡುವ ಪಾರ್ಕಿನ್ಸೋನಿಯಾ ಎಂಬ ಮುಳ್ಳುಮರಕ್ಕೆ ಆ ಹೆಸರು ಬಂದದ್ದು ಹದಿನೇಳನೆಯ ಶತಮಾನದ ಸಸ್ಯಶಾಸ್ತ್ರಜ್ಞ ಜಾನ್ ಪಾರ್ಕಿನ್ಸನ್ ಅವರಿಂದ.